ಪಾಠ ಮಾಡುವ ಕವಿಗೆ

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರದಲ್ಲಿ ಕವಿತೆಗಿಂತ ದೂರೇ ಜಾಸ್ತಿ. ಹಗಲೆಲ್ಲ ಶಾಲೆ, ಆಮೇಲೆ ದಾಖಲೆ ತುಂಬುವ ಕೆಲಸ, ಬಿಸಿಯೂಟದ ಲೆಕ್ಕ. ರಾತ್ರಿ ಬರೆಯಲು ಕೂತರೆ ಕಣ್ಣು ಎಳೆಯುತ್ತದೆ. ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಬಂದುಬಿಡಲೇ ಎಂದು ಕೇಳಿದ್ದೀರಿ. ಬೇಡ. ಸಂಬಳದ ಮಾತು ಹಾಗಿರಲಿ. ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿದ್ದಿಷ್‌ನಲ್ಲಿ ಬರೆದ ಕಾಡ್ಯಾ ಮೊಲೊಡೋವ್ಸ್ಕಿ ಎಂಬ ಕವಿಯ ವಿಷಯ ಸ್ವಲ್ಪ ಕೇಳಿ, ಆಮೇಲೆ ನಿಮ್ಮಿಷ್ಟ.

ಹುಟ್ಟಿದ್ದು 1894ರಲ್ಲಿ, ಈಗ ಬೆಲಾರುಸ್‌ಗೆ ಸೇರಿರುವ ಬೆರೆಜಾ ಕಾರ್ತುಸ್ಕಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಹುಡುಗರಿಗೆ ಧರ್ಮಗ್ರಂಥ ಹೇಳಿಕೊಡುವ ಮೇಷ್ಟ್ರು. ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ ಎನ್ನುವ ಕಾಲದಲ್ಲಿ ಮಗಳಿಗೂ ಕಲಿಸಿದ. ಈಕೆಯೂ ಟೀಚರ್ ಆದರು. ಮೊದಲ ಮಹಾಯುದ್ಧ ಊರೂರು ಅಲೆಸಿತು. 1920ರ ದಶಕದ ಆರಂಭದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ನೆಲೆ ನಿಂತರು. ಹಗಲು ಯಿದ್ದಿಷ್ ಶಾಲೆ, ಸಂಜೆ ಹೀಬ್ರೂ ತರಗತಿ. ಮೊದಲ ಕವನ ಸಂಕಲನ 1927ರಲ್ಲಿ ಬಂತು, ವಯಸ್ಸು ಮೂವತ್ತು ದಾಟಿತ್ತು. ನಿಮಗಿನ್ನೂ ಇಪ್ಪತ್ತಾರು ಅಲ್ಲವೇ?

ಆ ಶಾಲೆಗೆ ಬರುತ್ತಿದ್ದವರು ಬಡವರ ಮಕ್ಕಳು. ಅವರಿಗಾಗಿ ಆಕೆ ಬರೆದ ಒಂದು ಪದ್ಯದಲ್ಲಿ ಕೋಟೇ ಕಥಾನಾಯಕ. ದೊಡ್ಡವನಿಗೆಂದು ಹೊಲಿದ ಕೋಟು ಕಿರಿಯರ ಮೈಗೆ ಒಬ್ಬೊಬ್ಬರಾಗಿ ಇಳಿಯುತ್ತ ಇಳಿಯುತ್ತ ಚಿಂದಿಯಾಗುತ್ತದೆ. ಬಡತನ ಎಂಬ ಮಾತನ್ನು ಎತ್ತಬೇಕಾದ ಅಗತ್ಯವೇ ಬಂದಿಲ್ಲ. ಇನ್ನೊಂದರಲ್ಲಿ ಓಲ್ಕೆ ಎಂಬ ಹುಡುಗಿ. ಮನೆಯವರು ಕೆಲಸಕ್ಕೆ ಕೂಗುತ್ತಲೇ ಇರುತ್ತಾರೆ, ಅವಳು ನೀಲಿ ಕೊಡೆ ಹಿಡಿದು ತನ್ನದೇ ಲೋಕದಲ್ಲಿ ತಿರುಗುತ್ತಿರುತ್ತಾಳೆ. ಹಾಜರಿ ಕೂಗುವವರಿಗೆ ಇಂಥ ಹುಡುಗಿಯರು ಗೊತ್ತು. ನಿಮ್ಮ ತರಗತಿಯಲ್ಲೂ ಒಬ್ಬಳಿದ್ದಾಳು. ನೀವು ಕಳಿಸಿದ ಹನ್ನೆರಡು ಕವಿತೆಗಳಲ್ಲಿ ಮಾತ್ರ ಒಂದು ಮಗುವೂ ಇಲ್ಲ. ಬರೀ ಮೌನ, ಕತ್ತಲು, ಶೂನ್ಯ. ಇವನ್ನು ಎಲ್ಲಿ ಕೂತೂ ಬರೆಯಬಹುದು, ಅದಕ್ಕೆ ರಾಜೀನಾಮೆ ಬೇಕಿಲ್ಲ.

1935ರಲ್ಲಿ ಅವರು ನ್ಯೂಯಾರ್ಕಿಗೆ ವಲಸೆ ಹೋದರು. ಹಿಂದೆ ಉಳಿದ ವಾರ್ಸಾದಲ್ಲಿ ಸುಮಾರು 3.5 ಲಕ್ಷ ಯಹೂದಿಗಳಿದ್ದರು. 1942ರ ಬೇಸಿಗೆಯೊಂದರಲ್ಲೇ ನಾಜಿಗಳು ಅವರಲ್ಲಿ ಬಹುಪಾಲು ಜನರನ್ನು ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಕೋಟಿನ ಪದ್ಯ ಬಾಯಿಪಾಠ ಮಾಡಿದ್ದ ಮಕ್ಕಳೂ ಅವರ ನಡುವೆ ಇದ್ದಿರಲೇಬೇಕು. ತಾವು ದೇವರು ಆರಿಸಿಕೊಂಡ ಜನ ಎಂಬುದು ಯಹೂದಿಗಳ ನಂಬಿಕೆ. 1945ರಲ್ಲಿ ಅದೇ ಟೀಚರಮ್ಮ ಬರೆದ ಕವಿತೆ ದೇವರಿಗೇ ಹೇಳುತ್ತದೆ: ನಮ್ಮನ್ನು ಬಿಡು, ಬೇರೆ ಜನಾಂಗವನ್ನು ಆರಿಸಿಕೋ. ಈಗಲೂ ಅವರ ಹೆಸರು ಬಂದಾಗ ಮೊದಲು ನೆನಪಾಗುವುದು ಈ ಕವಿತೆ. ಆದರೆ ಇಸ್ರೇಲಿನಲ್ಲಿ ಅವರ ಶಿಶುಗೀತೆಗಳನ್ನು ಹೀಬ್ರೂ ಅನುವಾದದಲ್ಲಿ ಪುಟಾಣಿಗಳು ಇಂದಿಗೂ ಹಾಡುತ್ತವೆ, ಬರೆದವರಾರೆಂದು ಎಷ್ಟೋ ಸಲ ತಿಳಿಯದೆಯೇ.

ನ್ಯೂಯಾರ್ಕಿನಲ್ಲಿ ಹೊಟ್ಟೆಪಾಡಿಗೆ ಪತ್ರಿಕೆಗಳಿಗೂ ಬರೆಯಬೇಕಾಯಿತು. ಪೋಲೆಂಡಿನ ಲುಬ್ಲಿನ್‌ನಿಂದ ತಪ್ಪಿಸಿಕೊಂಡು ಬಂದ ರಿವ್ಕೆ ಜಿಲ್ಬರ್ಗ್ ಎಂಬ ತರುಣಿಯ ದಿನಚರಿಯ ರೂಪದ ಕಾದಂಬರಿಯೊಂದು 1942ರಲ್ಲಿ ಪುಸ್ತಕವಾಯಿತು. ಮುಂದೆ 'ಫೋರ್ವೆರ್ಟ್ಸ್' ಎಂಬ ಯಿದ್ದಿಷ್ ಪತ್ರಿಕೆಗೆ ಯಹೂದಿ ಮಹಿಳೆಯರ ಬಗ್ಗೆ ಅಂಕಣ ಬರೆಯುವಾಗ ಅದೇ ರಿವ್ಕೆ ಜಿಲ್ಬರ್ಗ್ ಎಂದು ಸಹಿ ಹಾಕಿದರು! ಪಾತ್ರಕ್ಕೇ ಸಂಬಳದ ಕೆಲಸ ಹಚ್ಚಿದರು ಅನ್ನಿ. ಅಂಕಣ ಬರೆಯುವುದು ಅವಮಾನ ಎಂದು ಮುಖ ಸಿಂಡರಿಸುವ ನಮ್ಮ ಕೆಲವು ಕವಿಮಿತ್ರರಿಗೆ ಈ ಕಥೆ ಹೇಳಿ ನೋಡಿದ್ದೇನೆ, ರುಚಿಸಲಿಲ್ಲ. 'ಸ್ವಿವೆ' ಎಂಬ ಸಾಹಿತ್ಯ ಪತ್ರಿಕೆಯನ್ನೂ ಹೊರಡಿಸಿದರು. 1943–44ರಲ್ಲಿ ನಡೆದು ನಿಂತದ್ದನ್ನು 1960ರಲ್ಲಿ ಮತ್ತೆ ಶುರು ಮಾಡಿ 1974ರವರೆಗೆ ನಡೆಸಿದರು. ಮರುವರ್ಷ ತೀರಿಕೊಂಡರು.

ಅವರ ಕಾಗದಪತ್ರಗಳು ಈಗ ನ್ಯೂಯಾರ್ಕಿನ ಯೀವೋ ಸಂಸ್ಥೆಯಲ್ಲಿವೆ. ಯಿದ್ದಿಷ್ ಭಾಷೆ, ಬದುಕುಗಳ ಅಧ್ಯಯನಕ್ಕೆಂದು 1925ರಲ್ಲಿ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಹುಟ್ಟಿದ ಸಂಸ್ಥೆ ಅದು. 1930ರ ದಶಕದಲ್ಲಿ ಸ್ಪರ್ಧೆ ನಡೆಸಿ, ಹೆಸರಿಲ್ಲದ ಹುಡುಗ ಹುಡುಗಿಯರಿಂದ 600ಕ್ಕೂ ಹೆಚ್ಚು ಆತ್ಮಕಥೆ ಬರೆಸಿಕೊಂಡಿತ್ತು. ನಾಜಿಗಳು ವಿಲ್ನಾ ಹಿಡಿದಾಗ ಕವಿ ಸುತ್ಸ್‌ಕೇವರ್ ಮತ್ತು ಸಂಗಡಿಗರು ಅಲ್ಲಿಯ ಕಾಗದಗಳನ್ನು ಮೈಯಲ್ಲಿ ಅಡಗಿಸಿ, ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದೊಳಕ್ಕೆ ಸಾಗಿಸಿದರು, ಸಿಕ್ಕಿಬಿದ್ದರೆ ಸಾವು. ಅಂಥ ಮನೆಗೆ ಯಾವ ಚೀಟಿಯೂ ಕಸವಲ್ಲ.

ನೀವು ಏನು ಮಾಡುತ್ತೀರಿ? ಫೋನಿನಲ್ಲಿ ಬರೆದು, ಫೋನಿನಲ್ಲೇ ತಿದ್ದಿ, ಹಳೆಯದನ್ನು ಅಳಿಸುತ್ತೀರಿ. ಮೂರನೇ ಸಾಲು ಮೊದಲು ಹೇಗಿತ್ತು ಎಂದು ಕೇಳಿದರೆ ನಿಮ್ಮ ಹತ್ತಿರವೇ ಇಲ್ಲ. ಒಂದು ನೋಟ್‌ಬುಕ್ ಇಡಿ, ತಾರೀಖು ಹಾಕಿ. ಪಾಠದ ಟಿಪ್ಪಣಿಯ ಹಿಂಬದಿಯಾದರೂ ಆದೀತು. ಮಕ್ಕಳ ಮಾತು, ರಜಾಚೀಟಿಯ ಒಕ್ಕಣೆ, ಸಂಪಾದಕರ ತಿರಸ್ಕಾರ, ಎಲ್ಲ ಅದರಲ್ಲೇ ಇರಲಿ. ಯಾವುದು ಸಾಹಿತ್ಯ, ಯಾವುದು ಅಲ್ಲ ಎಂದು ಈಗಲೇ ಆರಿಸಲು ಹೋಗಬೇಡಿ.

ಸಂಕಲನಕ್ಕೆ ಮುನ್ನುಡಿ ಕೇಳಿದ್ದೀರಿ, ಈಗ ಬರೆಯಲಾರೆ. ನಿಮ್ಮ ಪತ್ರದ ಕೊನೆಗೆ, ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿ ಬರುವ ಹುಡುಗನ ವಿಷಯ ಎರಡು ಸಾಲು ಗೀಚಿದ್ದೀರಲ್ಲ, ಅದನ್ನು ಬೆಳೆಸಿ ಕಳಿಸಿ. ದಸರಾ ರಜೆ ಮುಗಿಯುವುದರೊಳಗೆ.

ನಿಮ್ಮ ಹಿರಿಯ ಗೆಳೆಯ