ಡಾಕ್ಟರ್ ಸಬೀನಾ ಎಂದೇ ಬರೆಯಿರಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಮನಸ್ಸಿನ ವೈದ್ಯರಾದ ಫ್ರಾಯ್ಡ್ ಮತ್ತು ಯೂಂಗ್ ಗೆಳೆತನದ ಲೇಖನ ಓದಿದೆ. 1907ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಭೇಟಿಯಾಗಿ ತಾಸುಗಟ್ಟಲೆ ಮಾತಾಡಿದವರು 1913ಕ್ಕೆ ದೂರವಾದರು. ಅದೆಲ್ಲ ಚೆನ್ನಾಗಿ ಬಂದಿದೆ. ಆದರೆ ಸಬೀನಾ ಸ್ಪೀಲ್ರೈನ್ ಅವರನ್ನು ‘ಯೂಂಗ್ ಪ್ರೀತಿಸಿದ ರೋಗಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಮನಸ್ಸಿಗೆ ನೋವಾಯಿತು.

ನಾನು ನವನಗರದಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವ ಹುಡುಗಿಯರಿಗೆ ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ಯೂಂಗ್ ಅವರ ಪದ ಪರೀಕ್ಷೆಯನ್ನು ಪ್ರತಿ ಬ್ಯಾಚಿಗೂ ಮಾಡಿ ತೋರಿಸುತ್ತೇನೆ. ನಾನೊಂದು ಪದ ಹೇಳಬೇಕು, ಅವರು ತಟ್ಟನೆ ಹೊಳೆದದ್ದನ್ನು ಹೇಳಬೇಕು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡುತ್ತಿರುತ್ತದೆ. ರೊಟ್ಟಿ ಅಂದರೆ ಪಲ್ಯ, ಸೀರೆ ಅಂದರೆ ಇಳಕಲ್. ಒಮ್ಮೆ ‘ಹಿತ್ತಲು’ ಅಂದೆ. ಒಬ್ಬ ಹುಡುಗಿ ಏಳು ಸೆಕೆಂಡ್ ಸುಮ್ನೆ ಕೂತಳು. ಆಮೇಲೆ ‘ಅಜ್ಜಿ’ ಅಂದಳು. ಅವರ ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಅವಳು ಆ ಹಿತ್ತಲನ್ನು ಕಂಡವಳೇ ಅಲ್ಲ, ಅಜ್ಜಿ ಬಾಯಲ್ಲಿ ಕೇಳಿದ್ದಳು. ಹೀಗೆ ಉತ್ತರ ತಡವಾದ ಕಡೆ ಮನಸ್ಸಿನಲ್ಲೊಂದು ಗಂಟು ಇರುತ್ತದೆ ಎಂದು ಯೂಂಗ್ ಗುರುತಿಸಿದರು. ನಾವು ಕಾಂಪ್ಲೆಕ್ಸ್ ಅನ್ನುವುದು ಆ ಗಂಟಿಗೇ.

ಆ ಪರೀಕ್ಷೆಯ ಕೆಲಸದಲ್ಲಿ ಸಬೀನಾ ಅವರೂ ಕೈಜೋಡಿಸಿದ್ದರು. 1904ರಲ್ಲಿ ರಷ್ಯಾದಿಂದ ಬಂದು ಜೂರಿಕ್‌ನಲ್ಲಿ ಯೂಂಗ್ ಇದ್ದ ಮಾನಸಿಕ ಆಸ್ಪತ್ರೆಗೆ ರೋಗಿಯಾಗಿ ಸೇರಿದಾಗ ಅವರಿಗೆ 18 ವರ್ಷ. ಮರುವರ್ಷವೇ ಅದೇ ಊರಲ್ಲಿ ವೈದ್ಯಕೀಯ ಓದಿಗೆ ಸೇರಿ, 1911ರಲ್ಲಿ ಡಾಕ್ಟರ್ ಆದರು. ಹುಟ್ಟಿಸುವ ಬಯಕೆಯೊಳಗೇ ನಾಶ ಮಾಡುವ ಬಯಕೆಯೂ ಇದೆ ಎಂದು 1912ರಲ್ಲಿ ಪ್ರಬಂಧ ಬರೆದರು. ಅದಕ್ಕೆ ಹತ್ತಿರವಾದ ಸಾವಿನ ತುಡಿತದ ಬಗ್ಗೆ ಫ್ರಾಯ್ಡ್ ಬರೆದದ್ದು 1920ರಲ್ಲಿ. ಅಲ್ಲಿ ಸಬೀನಾ ಅವರಿಗೆ ಸಿಕ್ಕ ಜಾಗ ಒಂದು ಅಡಿಟಿಪ್ಪಣಿ. ಇನ್ನು ಆ ಪ್ರೀತಿಯ ಮಾತು. ಯೂಂಗ್ ಮದುವೆಯಾದವರು, ಮೇಲಾಗಿ ಚಿಕಿತ್ಸೆ ಕೊಟ್ಟ ವೈದ್ಯರು. ಹೊಣೆ ಅವರದೇ ಜಾಸ್ತಿ ಅಲ್ವಾ?

ನಮ್ಮ ಹುಡುಗಿಯರು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತ ಹೇಳುತ್ತಾರೆ. ಆ ಪಿಯಾಜೆ 1921ರಲ್ಲಿ ಜಿನೀವಾದಲ್ಲಿ ತಿಂಗಳುಗಟ್ಟಲೆ ಮನೋವಿಶ್ಲೇಷಣೆಗೆ, ಅಂದರೆ ಮಾತಿನ ಮೂಲಕ ಮನಸ್ಸಿನ ಆಳ ಹುಡುಕುವ ಚಿಕಿತ್ಸೆಗೆ, ಬರುತ್ತಿದ್ದದ್ದು ಇದೇ ಡಾಕ್ಟರ್ ಸಬೀನಾ ಬಳಿಗೆ. ಇದನ್ನು ಹೇಳಿದ ದಿನ ‘ಗೈಡಿನ್ಯಾಗ ಯಾಕಿಲ್ರಿ ಮೇಡಂ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

1942ರಲ್ಲಿ ರಷ್ಯಾದ ರೊಸ್ತೊವ್ ಊರಲ್ಲಿ ನಾಜಿಗಳು ಅವರನ್ನು ಇಬ್ಬರು ಹೆಣ್ಣುಮಕ್ಕಳ ಸಮೇತ ಕೊಂದರು. ಅವರ ಡೈರಿ, ಪತ್ರಗಳು ಜಿನೀವಾದ ಒಂದು ನೆಲಮಾಳಿಗೆಯಲ್ಲಿ ಸಿಕ್ಕಿದ್ದು 1970ರ ದಶಕದಲ್ಲಿ.

ದಯವಿಟ್ಟು ಮುಂದಿನ ಭಾನುವಾರ ಈ ಡಾಕ್ಟರ್ ಬಗ್ಗೆ ನಾಲ್ಕು ಸಾಲಾದರೂ ಹಾಕಿ. ಕತ್ತರಿಸಿ ಕ್ಲಾಸಿನ ಗೋಡೆಗೆ ಅಂಟಿಸುತ್ತೇನೆ.

– ಮನಶ್ಶಾಸ್ತ್ರ ಶಿಕ್ಷಕಿ, ನವನಗರ, ಬಾಗಲಕೋಟೆ