ದೋಣಿ ಕಾದು ನಿಂತ ಜಾಗ

ಎಲ್ಲರಿಗೂ ನಮಸ್ಕಾರ.

ಆಕ್ರಾನ್ ಅಂದರೆ ಟೈರಿನ ಊರು. ಅಮೆರಿಕದ ಓಹಾಯೋ ರಾಜ್ಯಕ್ಕೆ ಬಂದ ಹೊಸದರಲ್ಲಿ ನನಗೆ ಅಷ್ಟೇ ಗೊತ್ತಿತ್ತು. ಈಚೆಗೆ ಮಗಳ ಜೊತೆ ಅಲ್ಲಿನ ಹಳೇ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದೆ. ಒಂದು ಲಾಕ್, ಅಂದರೆ ದೋಣಿಯನ್ನು ಏರಿಸಿ ಇಳಿಸಲು ಕಾಲುವೆಯಲ್ಲಿ ಕಟ್ಟಿದ ಬಾಗಿಲಿನ ತೊಟ್ಟಿಯ ಮುಂದೆ ನಿಂತು ಅವಳು ಕೇಳಿದಳು: "ಇಷ್ಟು ಇಕ್ಕಟ್ಟಿನಲ್ಲಿ ದೋಣಿ ಹೆಂಗಪ್ಪಾ ಹೋಗ್ತಿತ್ತು?"

ಲಾಕ್‌ನ ಅಗಲ ಬರೀ 15 ಅಡಿ, ಉದ್ದ 90 ಅಡಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ನೀರನ್ನು ಹೊರಗೆ ಬಿಟ್ಟು ದೋಣಿಯನ್ನು ಇಳಿಸಬೇಕು. ಮತ್ತೆ ಮುಂದಿನ ಲಾಕ್. ಓಹಾಯೋ ನದಿಗೂ ಈರಿ ಸರೋವರಕ್ಕೂ ನಡುವಿನ ಓಹಾಯೋ–ಈರಿ ಕಾಲುವೆಯ ದಾರಿಯಲ್ಲಿ ಆಕ್ರಾನ್ ಎತ್ತರದ ದಿಣ್ಣೆ. ಊರಿನ ಹೆಸರೂ 'ಎತ್ತರ' ಎನ್ನುವ ಗ್ರೀಕ್ ಮಾತಿನಿಂದಲೇ ಬಂದದ್ದು. ಅಲ್ಲಿಂದ ಕೆಳಗಿಳಿಯಲು 21 ಲಾಕ್ ದಾಟಬೇಕಿತ್ತು. ಗಂಟೆಗಟ್ಟಲೆ ಕೆಲಸ. ಪ್ರಯಾಣಿಕರು ಸುಮ್ನೆ ಕೂರುತ್ತಾರಾ? ಇಳಿದು ಓಡಾಡುತ್ತಿದ್ದರು, ಉಣ್ಣುತ್ತಿದ್ದರು, ಸಾಮಾನು ಕೊಳ್ಳುತ್ತಿದ್ದರು. ಅವರಿಗಾಗಿ ಅಂಗಡಿ, ಛತ್ರಗಳು ಎದ್ದವು. 1825ರಲ್ಲಿ ಸೈಮನ್ ಪರ್ಕಿನ್ಸ್ ಮತ್ತು ಪಾಲ್ ವಿಲಿಯಮ್ಸ್ ಇಲ್ಲಿ ಊರು ಕಟ್ಟಲು ಹೊರಟಿದ್ದು ಕಾಲುವೆ ಬರುತ್ತದೆ ಎಂಬ ನಂಬಿಕೆಯಲ್ಲೇ. ಅದನ್ನು ತೋಡಿದವರಲ್ಲಿ ಐರ್ಲೆಂಡಿನಿಂದ ಬಂದ ಬಡ ಕೂಲಿಗಳು ಬಹಳ ಮಂದಿ. 1827ರಲ್ಲಿ ಮೊದಲ ದೋಣಿ ಈರಿ ಸರೋವರದ ದಡದ ಕ್ಲೀವ್‌ಲ್ಯಾಂಡ್ ಸೇರಿತು.

ಆಮೇಲೆ ರೈಲು ಬಂತು, ದೋಣಿಗಳು ಕಡಿಮೆಯಾದವು. ಆದರೂ ಕಾರ್ಖಾನೆಗಳಿಗೆ ಕಾಲುವೆಯ ನೀರು ಬೇಕಿತ್ತು. 1870ರಲ್ಲಿ ಬಿ.ಎಫ್. ಗುಡ್‌ರಿಚ್ ಊರಿನ ವ್ಯಾಪಾರಿಗಳಿಂದ ಸಾಲ ಪಡೆದು ಕಾಲುವೆಯ ಪಕ್ಕದಲ್ಲೇ ರಬ್ಬರ್ ಕಾರ್ಖಾನೆ ಹಾಕಿದರು. ಮೊದಲು ಮಾಡಿದ್ದು ಟೈರಲ್ಲ, ಬೆಂಕಿ ಆರಿಸುವ ಪೈಪು! ಟೈರ್ ಕಂಪನಿಗಳಾದ ಗುಡ್‌ಇಯರ್ 1898ರಲ್ಲಿ, ಫೈರ್‌ಸ್ಟೋನ್ 1900ರಲ್ಲಿ ಬಂದವು. 1910ರಲ್ಲಿ 69,067 ಇದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 2,08,435 ಆಯಿತು. ಮಲಗಲು ಜಾಗವಿಲ್ಲದೆ, ಹಗಲು ಪಾಳಿಯವನು ಎದ್ದ ಹಾಸಿಗೆಗೆ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ. ಮೊದಲ ವರ್ಷ ನಾಲ್ಕು ಜನ ಒಂದೇ ಕೋಣೆಯಲ್ಲಿದ್ದ ನನಗೆ, ಈ ಮಾತು ಕೇಳಿದಾಗ ಎಲ್ಲಕ್ಕಿಂತ ಜಾಸ್ತಿ ಹತ್ತಿರ ಅನ್ನಿಸಿತು. ಅದೇ ಜನ 1936ರಲ್ಲಿ ಗುಡ್‌ಇಯರ್ ಮುಂದೆ ಚಳಿಯಲ್ಲಿ ವಾರಗಟ್ಟಲೆ ಮುಷ್ಕರ ಹೂಡಿದರು.

ಕಾಲುವೆಯ ಕತೆ ಮುಗಿದಿದ್ದು 1913ರ ಮಾರ್ಚ್ ಪ್ರವಾಹದಲ್ಲಿ. ಉಕ್ಕಿದ ನೀರಿಗೆ ದಾರಿ ಬಿಡಲು ಲಾಕ್‌ಗಳನ್ನು ಡೈನಮೈಟ್ ಇಟ್ಟು ಒಡೆದರು. ಹಿಂದೆ ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ದಂಡೆ ಈಗ ನಡೆಯುವವರ, ಸೈಕಲ್ಲಿನವರ ಹಾದಿ. ಓಟ್ಸ್ ಕಂಪನಿ ಕ್ವೇಕರ್‌ನ ದೊಡ್ಡ ಕಣಜಗಳು ಹೋಟೆಲ್ ಆಗಿ, ಮುಂದೆ ವಿಶ್ವವಿದ್ಯಾಲಯದ ಹುಡುಗರಿಗೆ ಕೋಣೆಗಳೂ ಆದವು.

ಆ ಕಡೆ ಹೋದಾಗ ಮಕ್ಕಳನ್ನು ಲಾಕ್ ಹತ್ತಿರ ಕರೆದುಕೊಂಡು ಹೋಗಿ. ದೋಣಿ ಹೇಗೆ ಇಳಿಯುತ್ತಿತ್ತು ಎಂದು ಅವರೇ ಊಹಿಸಲಿ. ನನ್ನ ಮಗಳಿಗೆ ಅರ್ಧ ಗಂಟೆ ಬೇಕಾಯಿತು, ಆಮೇಲೆ ಅವಳೇ ನನಗೆ ವಿವರಿಸಿದಳು.