ಸೊಸೆಯ ಮುಂದೆ ಅತ್ತೆಗೆ ಕೇಳುವ ಪ್ರಶ್ನೆಯೇ?

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಹಿರಿಯರಲ್ಲಿ ಸ್ವಾಯತ್ತತೆ, ಅಂದರೆ ತಮ್ಮ ನಿರ್ಧಾರ ತಾವೇ ಮಾಡುವ ಗುಣ, ಕಡಿಮೆ, ಮಾನಸಿಕ ಸ್ವಾಸ್ಥ್ಯ ಕಳವಳಕಾರಿ ಎಂಬ ಸಮೀಕ್ಷೆಯ ವರದಿ ಓದಿ ಮೈ ಉರಿಯಿತು. ಆ ಪುಣ್ಯಾತ್ಮರು ನವನಗರದ ನಮ್ಮ ಮನೆಗೂ ಬಂದಿದ್ದರು. ನಳಕ್ಕೆ ನೀರು ಬಿಟ್ಟ ಹೊತ್ತು, ಒಲೆಯ ಮೇಲೆ ರೊಟ್ಟಿಯ ಹಂಚು. ಕೊಡ ಅಲ್ಲೇ ಬಿಟ್ಟು ಕುರ್ಚಿ ಹಾಕಿ, ಚಹಾ ಮಾಡಿಕೊಟ್ಟೆ. ಅಷ್ಟರಲ್ಲಿ ನೀರು ನಿಂತಿತು.

ಪ್ರಶ್ನಾವಳಿ ಅಮೆರಿಕದ ಮನಃಶಾಸ್ತ್ರಜ್ಞೆ ಕರೋಲ್ ರಿಫ್ ಅವರು 1989ರಲ್ಲಿ ರೂಪಿಸಿದ್ದಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 'ನಾನು ಬದುಕುವ ಪರಿಸ್ಥಿತಿ ನನ್ನ ಹಿಡಿತದಲ್ಲಿದೆ, 1ರಿಂದ 6ರೊಳಗೆ ಹೇಳಿ' ಎಂದು ನಮ್ಮ ಅತ್ತೆಯವರನ್ನು ಕೇಳುವುದೇ? ಆಲಮಟ್ಟಿ ಹಿನ್ನೀರಿಗೆ ಮನೆ, ತುಳಸಿಕಟ್ಟೆ ಎಲ್ಲ ಬಿಟ್ಟು ಬಂದವರು ಅವರು. 'ಹಿಡಿತ ನಮ್ಮದಾಗಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆವು ತಮ್ಮಾ?' ಎಂದರು. ಹುಡುಗ ಟ್ಯಾಬ್‌ನಲ್ಲಿ 1 ಒತ್ತಿದ. ಮೊಮ್ಮಗಳ ಮದುವೆಗೆ ಮೈದುನರನ್ನು ಕೇಳಿಯೇ ಹೂಂ ಎನ್ನುತ್ತೇನೆ ಎಂದದ್ದಕ್ಕೆ ಸ್ವಾಯತ್ತತೆಯಲ್ಲೂ ಅಂಕ ಹೋಯಿತು. ನಾಲ್ಕು ಜನರನ್ನು ಕೇಳಿ ನಡೆಯುವುದು ಯಾವಾಗಿನಿಂದ ಕಾಯಿಲೆಯಾಯಿತು? ಮನೆಯವರೊಂದಿಗಿನ ಸಂಬಂಧದ ಪ್ರಶ್ನೆಯನ್ನಂತೂ ಪಡಸಾಲೆಯಲ್ಲಿ, ಸೊಸೆಯಾದ ನನ್ನ ಎದುರೇ, ಬಾಗಿಲಿಗೆ ಬಂದು ನಿಂತ ನೆರೆಯವರಿಗೂ ಕೇಳುವಂತೆ ಓದಿದರು. ಅತ್ತೆಯವರು ನನ್ನ ಮುಖ ನೋಡಿ ಪೂರ್ತಿ 6 ಕೊಟ್ಟರು. ಅದೊಂದರಲ್ಲಿ ಜಿಲ್ಲೆ ಪಾಸಾಗಿರಬೇಕು!

ಮನಃಶಾಸ್ತ್ರ ಓದಿದ ನನ್ನ ಮಗಳು ಹೇಳುತ್ತಾಳೆ: ಪ್ರಶ್ನೆಗಳ ಕನ್ನಡ ಅನುವಾದವನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು, ಊರಿನ ಕೆಲವರನ್ನು ಕೂರಿಸಿ ಪ್ರಶ್ನೆ ಕೇಳಿದಾಗ ಅವರಿಗೆ ಏನು ತೋಚಿತೆಂದು ವಿಚಾರಿಸಬೇಕು, ಹೊಂದದ್ದನ್ನು ತಿದ್ದಬೇಕು. ಇಷ್ಟಕ್ಕಿಂತ ಕಡಿಮೆ ಅಂಕ ಬಂದರೆ ಸ್ವಾಸ್ಥ್ಯ ಕೆಟ್ಟಿತು ಎಂಬ ಗೆರೆ ರಿಫ್ ಅವರ ಮಾಪನದಲ್ಲೇ ಇಲ್ಲವಂತೆ. ಹಾಗಾದರೆ 'ಕಳವಳಕಾರಿ' ಎಲ್ಲಿಂದ ಬಂತು?

ನಮ್ಮನ್ನು ಹೀಗೆ ನಡೆಸಿಕೊಳ್ಳುವುದು ಈ ಅಧಿಕಾರಿಗಳಿಗೆ ಹೊಸದಲ್ಲ. ಆಲಮಟ್ಟಿ ಅಣೆಕಟ್ಟೆಯ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರುತ್ತದೆ ಎಂದು ಕೇಳಿ ಕೇಳಿ ನಮ್ಮ ಕೂದಲು ನರೆಯಿತು. ನಮ್ಮ ನಿವೇಶನದ ಹಕ್ಕುಪತ್ರದಲ್ಲಿ ಮಾವನವರ ಹೆಸರು ತಪ್ಪಾಗಿದೆ. ತಿದ್ದಿಸಲು ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿ, ಇಲ್ಲವೇ ಸರ್ವರ್ ಇಲ್ಲ. ಸತ್ತವರ ಹೆಸರು ನೆಟ್ಟಗೆ ಬರೆಯಲಾಗದವರು ಇದ್ದವರ ಮನಸ್ಸು ಅಳೆಯಲು ಹೊರಟಿದ್ದಾರೆ.

ಆ ವರದಿಯನ್ನು ಹಿಂಪಡೆಯಲಿ, ಇಲ್ಲವೇ ಪ್ರಶ್ನೆಗಳನ್ನು ಸರಿಪಡಿಸಿಕೊಂಡು ಮತ್ತೆ ಬರಲಿ. ಬರದಿದ್ದರೂ ನಡೆಯುತ್ತದೆ, ಮೊದಲು ಹಕ್ಕುಪತ್ರ ತಿದ್ದಿಕೊಡಲಿ. ಸಂಬಂಧಪಟ್ಟವರು ಕಣ್ಣು ತೆರೆಯಲಿ ಎಂದು ಬರೆಯುವುದು ವಾಡಿಕೆ. ತೆರೆಯುವ ಪೈಕಿ ಅಲ್ಲ ಇವರು.

— ಓರ್ವ ಗೃಹಿಣಿ, ನವನಗರ, ಬಾಗಲಕೋಟೆ